ದೀಪ ಆರಿದ್ರೆ ಸಾಕಾ? (ಹಳೇ ಮಷೀನ್ ಕಥೆಗಳು)

1/8
📷 ಡ್ಯಾಶ್‌ಬೋರ್ಡ್ ಮೇಲೆ ಬೊಟ್ಟಿನಷ್ಟು ದೀಪ ಉರೀತಿದೆ, ನೋಡಿ.

ಎತ್ತಿನ ಗಾಣದ ಬಗ್ಗೆ ಬರೆದಾಗ "ಸಾಕು ಮಗಾ, ಯಾವುದಾದ್ರೂ ಸ್ಪೋರ್ಟ್ಸ್ ಕಾರ್ ಬಗ್ಗೆ ಬರಿ" ಅಂತ ನಮ್ಮ ಕ್ಲಾಸಿನವರು ಕಾಮೆಂಟ್ ಹಾಕಿದ್ರು. ಪರಶುರಾಂಪುರದಲ್ಲಿ ಸ್ಪೋರ್ಟ್ಸ್ ಕಾರ್ ಎಲ್ಲಿಂದ ತರ್ಲಿ? ಆದ್ರೆ ಅದರ ತಮ್ಮ ಅನ್ನಬಹುದಾದ ಒಂದು ಕಾರು ಹೋದ ತಿಂಗಳು ನಮ್ಮ ಸೋದರಮಾವನ ಗ್ಯಾರೇಜಿಗೆ ಬಂತು. ಸ್ಟ್ಯಾಂಡರ್ಡ್ ಹೆರಾಲ್ಡ್. ಚಳ್ಳಕೆರೆಯಲ್ಲಿ ಒಂದು ಕಾಲಕ್ಕೆ ಎಣ್ಣೆ ಮಿಲ್ ನಡೆಸ್ತಿದ್ದ ಮನೆಯವರದು. ವರ್ಷಾನುಗಟ್ಟಲೆ ಮಿಲ್ ಶೆಡ್ಡಿನಲ್ಲಿ ಟಾರ್ಪಾಲ್ ಕೆಳಗೆ ಮಲಗಿತ್ತು. ಈಗ ಮನೇಲಿ ಮಗಳ ಮದುವೆ, ಮೆರವಣಿಗೆಗೆ ಅದೇ ಬೇಕು ಅಂತ ಸಾಹುಕಾರ್ರ ಆಸೆ.

ಕಾರು ಸ್ಟಾರ್ಟ್ ಆಯ್ತು, ಶಬ್ದಾನೂ ಚೆನ್ನಾಗೇ ಇತ್ತು. ಆಯಿಲ್ ಪ್ರೆಶರ್ ದೀಪ ಮಾತ್ರ ಆರಲೇ ಇಲ್ಲ. ಸುತ್ತ ನಿಂತಿದ್ದೋರೆಲ್ಲ ಒಂದೇ ಮಾತು: "ಸ್ವಿಚ್ ಹೋಗೈತೆ ಬಿಡು, ಹೊಸದು ಹಾಕು."

ಮಾವ ಏನೂ ಅನ್ನಲಿಲ್ಲ. ಕೈ ಹಾಕಿ ಎಂಜಿನ್ ಆಫ್ ಮಾಡಿದ್ರು. "ಇದು ಗೊತ್ತಾಗೋವರೆಗೂ ಯಾರೂ ಕೀಲಿ ತಿರುಗಿಸಂಗಿಲ್ಲ" ಅಂದ್ರು.

ಯಾಕೆ ಅಷ್ಟು ಹೆದರಿಕೆ? ಅದಕ್ಕೆ ನಮ್ಮ ಮನೆಯ ಒಂದು ಕಥೆ ಕೇಳ್ಬೇಕು. ಮುಂದಕ್ಕೆ ಸ್ವೈಪ್ ಮಾಡಿ 👉

2/8
📷 ಹಿತ್ತಾಳೆ ಅಂಚಿನ ದುಂಡು ಗೇಜು. ಗಾಜಿಗೆ ಒಂದು ಕಡೆ ಬಿರುಕು ಬಿಟ್ಟಿದೆ.

ನಮ್ಮ ತಾತನಿಗೆ, ಅಂದ್ರೆ ಅಮ್ಮನ ಅಪ್ಪನಿಗೆ, ಒಂದು ಲಾರಿಯಲ್ಲಿ ಅರ್ಧ ಪಾಲು ಇತ್ತು. ನಮ್ಮ ಹೋಬಳಿಯ ಶೇಂಗಾ ಚಳ್ಳಕೆರೆ ಮಿಲ್ಲುಗಳಿಗೆ, ಅಲ್ಲಿಂದ ಎಣ್ಣೆ ಟಿನ್ನು ಬೆಂಗಳೂರಿಗೆ. ಚಳ್ಳಕೆರೆಗೆ "ಎಣ್ಣೆ ನಗರಿ", "ಎರಡನೇ ಬಾಂಬೆ" ಅಂತೆಲ್ಲ ಹೆಸರಿದ್ದ ಕಾಲ ಅದು.

ಒಂದು ರಾತ್ರಿ ಹಿರಿಯೂರಿನ ಕಡೆ ಹೋಗೋವಾಗ ಆಯಿಲ್ ಗೇಜಿನ ಮುಳ್ಳು ಕೆಳಗೆ ಬಿತ್ತು. ತಾತ "ನಿಲ್ಸಪ್ಪಾ" ಅಂದ್ರಂತೆ. ಡ್ರೈವರ್ರು ನಕ್ಕು "ಗೇಜು ಕೆಟ್ಟೈತೆ ಯಜಮಾನ್ರೆ, ಹೋದ ತಿಂಗಳೂ ಹಿಂಗೇ ಆಗಿತ್ತು" ಅಂದ್ರು. ಅವರದ್ದು ಪೂರ್ತಿ ತಪ್ಪು ಅಂತ ಹೇಳಕ್ಕಾಗಲ್ಲ. ಹೋದ ತಿಂಗಳು ನಿಜವಾಗ್ಲೂ ಗೇಜಿನ ಪೈಪು ಸೋರಿ ಮುಳ್ಳು ಸುಳ್ಳು ತೋರಿಸಿತ್ತು. ಈ ಸಲ ಮುಳ್ಳು ಹೇಳಿದ್ದು ನಿಜ.

ಇಪ್ಪತ್ತು ನಿಮಿಷ ಓಡಿತು. ಆಮೇಲೆ ಟಕ ಟಕ ಅಂತ ಶಬ್ದ, ಆಮೇಲೆ ಒಂದು ಪೆಟ್ಟು, ಆಮೇಲೆ ಏನೂ ಇಲ್ಲ. ಎಂಜಿನ್ ಸೀಜ್. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ತೂತು ಮಾಡ್ಕೊಂಡು ಹೊರಗೆ ಬಂದಿತ್ತು. ಲಾರಿ ಮಾರಿದ್ರು, ಸಾಲ ಉಳೀತು. ಪಿಯುಸಿ ಮೊದಲ ವರ್ಷದಲ್ಲಿದ್ದ ಮಾವ ಕಾಲೇಜು ಬಿಟ್ಟು ಗ್ಯಾರೇಜಿಗೆ ಸೇರಿದ್ರು. ಅಮ್ಮ ಈ ಕಥೆ ಹೇಳೋವಾಗ ಲಾರಿ ಬಗ್ಗೆ ಏನೂ ಹೇಳಲ್ಲ, "ನಿಮ್ಮ ಮಾವ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತು ತೆಗೀತಿದ್ದ" ಅಂತ ಅಷ್ಟೇ ಹೇಳ್ತಾಳೆ.

ಲಾರಿ ಕೊಡೋ ಮುಂಚೆ ತಾತ ಆ ಗೇಜನ್ನ ಬಿಚ್ಚಿ ಇಟ್ಕೊಂಡಿದ್ರು. ಮಾವ ಕೆಲಸ ಕಲಿತ ಮೇಲೆ ಮೊದಲು ಮಾಡಿದ್ದು ಅದನ್ನ ಬೇರೆ ಗೇಜಿನ ಜೊತೆ ಇಟ್ಟು ಪರೀಕ್ಷೆ. ಎರಡೂ ಒಂದೇ ತೋರಿಸಿದವು. ಫೋಟೊದಲ್ಲಿರೋದು ಅದೇ.

3/8
📷 ಹೊಲದ ಬದುವಿನ ಹರಳು ಗಿಡ. ಹೌದು, ಕಾರಿನ ಪೋಸ್ಟೇ ಇದು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ತಿರುಗೋದಕ್ಕೆಲ್ಲ ಎಣ್ಣೆ ಬೇಕು ಅಂತ ನಮ್ಮೋರಿಗೆ ಬಂಡಿ ಕಾಲದಿಂದಲೂ ಗೊತ್ತು. ಬಂಡಿ ಅಚ್ಚಿಗೆ ಹಾಕೋ ಎಣ್ಣೆಗೆ ಕೀಲೆಣ್ಣೆ ಅಂತ ಬೇರೆ ಹೆಸರೇ ಇದೆ. ನಮ್ಮ ಕಡೆ ಅದು ಹರಳೆಣ್ಣೆ. ಶೇಂಗಾ ಹೊಲದ ಬದುವಿನಲ್ಲಿ ಒಂದು ಸಾಲು ಹರಳು ಹಾಕೋದು ಈಗಲೂ ಇದೆ.

ಈ ಹರಳೆಣ್ಣೆ ರೇಸ್ ಕಾರುಗಳವರೆಗೂ ಹೋಗಿದೆ ಕಣ್ರೋ! ಇಂಗ್ಲೆಂಡಿನಲ್ಲಿ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿದ ಎಂಜಿನ್ ಆಯಿಲ್ ತಂದಾಗ, ಹರಳಿನ ಇಂಗ್ಲಿಷ್ ಹೆಸರು ಕ್ಯಾಸ್ಟರ್ ಅನ್ನೋದರಿಂದಲೇ ಕ್ಯಾಸ್ಟ್ರಾಲ್ ಅಂತ ಹೆಸರಿಟ್ಟಿತು. ಮೊದಲ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳು ಓಡಿದ್ದೂ ಹರಳೆಣ್ಣೆ ಮೇಲೆ. ಎಂಜಿನ್ ಕಕ್ಕಿದ ಎಣ್ಣೆ ಹೊಗೆ ಪೈಲಟ್ ಹೊಟ್ಟೆಗೂ ಹೋಗ್ತಿತ್ತು. ಅದು ಹೊಟ್ಟೆಗೆ ಏನು ಮಾಡ್ತಿತ್ತು ಅಂತ ನಿಮ್ಮ ಅಜ್ಜೀನ ಕೇಳಿ.

ಸರಿ, ಎಣ್ಣೆ ಬೇಕು ಅನ್ನೋದು ಗೊತ್ತು. ಎಣ್ಣೆ ಒಳಗೆ ಏನು ಮಾಡುತ್ತೆ? ಇದು ಗೊತ್ತಾಗಿದ್ದು ಒಂದು ಬಿರಡೆಯಿಂದ.

1883ರಲ್ಲಿ ಬೋಚಮ್ ಟವರ್ ಅನ್ನೋ ಇಂಗ್ಲಿಷ್ ಎಂಜಿನಿಯರ್ ರೈಲಿನ ಅಚ್ಚು ತಿರುಗೋ ಬೇರಿಂಗನ್ನ ಪರೀಕ್ಷೆ ಮಾಡ್ತಿದ್ದ. ಮೇಲಿಂದ ಎಣ್ಣೆ ಬಿಡೋಕೆ ಬೇರಿಂಗಿನ ತಲೆಗೆ ಒಂದು ತೂತು ಕೊರೆದ. ಅಚ್ಚು ತಿರುಗಿಸಿದ್ರೆ ಎಣ್ಣೆ ಒಳಗೆ ಹೋಗೋ ಬದಲು ತೂತಿನಿಂದ ಮೇಲಕ್ಕೆ ಉಕ್ಕಿತು. ಬೂಚಿನ ಬಿರಡೆ ಹಾಕಿದ, ತಳ್ಳಿ ಹಾಕಿತು. ಮರದ ಬಿರಡೆ ಹೊಡೆದ, ಅದೂ ಹೊರಗೆ. ಕೊನೆಗೆ ಗೇಜು ಕೂರಿಸಿದ. ಚದರ ಇಂಚಿಗೆ 200 ಪೌಂಡ್ ವರೆಗೆ ಅಳೆಯೋ ಗೇಜು, ಮುಳ್ಳು ಅದರ ಕೊನೆ ಮುಟ್ಟಿತು.

ಅಂದ್ರೆ ತಿರುಗೋ ಅಚ್ಚು ಎಣ್ಣೆಯನ್ನ ತನ್ನ ಅಡಿಗೆ ತಾನೇ ಎಳ್ಕೊಂಡು, ಅದರ ಮೇಲೆ ತೇಲ್ತಿದೆ. ಲೋಹಕ್ಕೆ ಲೋಹ ತಾಗ್ತಾನೇ ಇಲ್ಲ. ಇದರ ಗಣಿತವನ್ನ ಓಸ್‌ಬರ್ನ್ ರೆನಾಲ್ಡ್ಸ್ 1886ರಲ್ಲಿ ಬಿಡಿಸಿಟ್ಟ. (ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಮ್ಮ ಜೀವ ತಿನ್ನೋ ರೆನಾಲ್ಡ್ಸ್ ನಂಬರ್ ಇದೆಯಲ್ಲ, ಅದೇ ಪುಣ್ಯಾತ್ಮ.)

ಕೂದಲಿಗಿಂತ ತೆಳುವಾದ ಆ ಎಣ್ಣೆ ಪದರವೇ ಎಂಜಿನ್ನಿನ ಪ್ರಾಣ. ಅದಕ್ಕೆ ಎಣ್ಣೆ ಪೂರೈಸೋದು ಆಯಿಲ್ ಪಂಪು. ನಿಮ್ಮ ಹೊಲದ ಡ್ರಿಪ್ ನೆನಪಿಸ್ಕೊಳ್ಳಿ. ಪೈಪು ಅಲ್ಲಲ್ಲಿ ಬಿರುಕು ಬಿಟ್ಟಿದ್ರೆ ಮೋಟರ್ ಎಷ್ಟು ಓಡಿದ್ರೂ ಕೊನೇ ಗಿಡಕ್ಕೆ ನೀರು ಮುಟ್ಟಲ್ಲ. ಬೇರಿಂಗ್ ಸವೆದು ಸಂದು ದೊಡ್ಡದಾದ್ರೂ ಹಂಗೇ, ಎಣ್ಣೆ ಸುಲಭವಾಗಿ ಹರಿದು ಹೋಗಿ ಪ್ರೆಶರ್ ಬೀಳುತ್ತೆ. ಅದಕ್ಕೇ ಆ ಒಂದು ಸಂಖ್ಯೆಯಲ್ಲಿ ಎಂಜಿನ್ನಿನ ಅರ್ಧ ಜಾತಕ ಇರುತ್ತೆ.

4/8
📷 ಜಾತ್ರೆಯ ಪೀಪಿ. ಊದಿದ್ರೆ ಸುರುಳಿ ಬಿಚ್ಕೊಂಡು ಮುಂದಕ್ಕೆ ಬರುತ್ತಲ್ಲ, ಅದು.

ತಾತನ ಗೇಜಿನ ಒಳಗಿರೋದು ಇದೇ ಪೀಪಿ. ಹಾಸ್ಯ ಅಲ್ಲ.

1849ರಲ್ಲಿ ಪ್ಯಾರಿಸ್ಸಿನ ಯೂಜೀನ್ ಬೂರ್ಡೋನ್ ಇದಕ್ಕೆ ಪೇಟೆಂಟ್ ಪಡೆದ. ಚಪ್ಪಟೆಯಾಗಿದ್ದ ಒಂದು ಸುರುಳಿ ಕೊಳವೆಯನ್ನ ಸರಿ ಮಾಡೋಕೆ ಒಳಗೆ ಒತ್ತಡ ಕೊಟ್ಟಾಗ ಸುರುಳಿ ತಾನಾಗೇ ಬಿಚ್ಕೊಂಡಿದ್ದು ನೋಡಿ ಹೊಳೀತು ಅಂತ ಹೇಳ್ತಾರೆ. ಬಾಗಿಸಿದ ಚಪ್ಪಟೆ ಹಿತ್ತಾಳೆ ಕೊಳವೆ, ಒಂದು ತುದಿ ಮುಚ್ಚಿದೆ. ಒಳಗೆ ಒತ್ತಡ ಹೆಚ್ಚಾದಷ್ಟೂ ನೆಟ್ಟಗಾಗೋಕೆ ನೋಡುತ್ತೆ. ಆ ತುದಿಗೆ ಪುಟ್ಟ ಹಲ್ಲಿನ ಚಕ್ರ, ಚಕ್ರಕ್ಕೆ ಮುಳ್ಳು. ಕರೆಂಟು ಬೇಡ, ಬ್ಯಾಟರಿ ಬೇಡ. ಉಗಿ ಬಾಯ್ಲರ್‌ಗಳು ಸಿಡಿದು ಜನ ಸಾಯ್ತಿದ್ದ ಕಾಲದಲ್ಲಿ ಈ ಮುಳ್ಳು ಎಷ್ಟು ಜೀವ ಉಳಿಸಿತೋ.

ಇವತ್ತಿಗೂ ವೆಲ್ಡಿಂಗ್ ಅಂಗಡಿಯ ಗ್ಯಾಸ್ ಸಿಲಿಂಡರ್ ಮೇಲೆ, ಪಂಚರ್ ಅಂಗಡಿಯ ಗಾಳಿ ಟ್ಯಾಂಕಿನ ಮೇಲೆ ನೀವು ನೋಡೋದು ಇದನ್ನೇ. 1849ರ ಯಂತ್ರ ನಮ್ಮ ಬಸ್ ಸ್ಟ್ಯಾಂಡ್ ಪಕ್ಕದಲ್ಲೇ ಕೆಲಸ ಮಾಡ್ತಿದೆ.

5/8
📷 ಕೈಯಲ್ಲಿ ಹೆರಾಲ್ಡ್‌ನ ಹಳೇ ಸ್ವಿಚ್ಚು. ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಕಾರುಗಳಿಗೆ ಈ ಮುಳ್ಳು ಒಂದೇ ಸಲಕ್ಕೆ ಬರಲಿಲ್ಲ. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಆಯಿಲ್ ಪಂಪೇ ಇರಲಿಲ್ಲ. ತಿರುಗೋ ಭಾಗಗಳು ಎಣ್ಣೆಯನ್ನ ಎರಚ್ಕೊಂಡು ಬದುಕ್ತಿದ್ದವು. ಎಣ್ಣೆ ಇದೆಯಾ ಅಂತ ನೋಡೋಕೆ ಕಾರಿನ ಕೆಳಗೆ ನುಗ್ಗಿ ಎರಡು ಪುಟ್ಟ ನಲ್ಲಿ ತಿರುಗಿಸಬೇಕಿತ್ತು. ಪಂಪು ಸಾಮಾನ್ಯವಾದ ಮೇಲೆ ಗೇಜು ಡ್ಯಾಶ್‌ಬೋರ್ಡಿಗೆ ಬಂತು. ಎಂಜಿನ್ನಿಂದ ತೆಳು ಪೈಪಿನಲ್ಲಿ ಬಿಸಿ ಎಣ್ಣೆಯೇ ಡ್ರೈವರ್ ಮುಂದಿನ ಗೇಜಿನವರೆಗೆ ಬರ್ತಿತ್ತು. ಎಂಜಿ ಟಿಸಿ ತರದ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಇರೋದು ಇದೇ. ಇದು ನೇರ ಮಾತು, ನಡುವೆ ದಲ್ಲಾಳಿ ಇಲ್ಲ. ಪೈಪು ಒಡೆದ್ರೆ ಮಾತ್ರ ಬಿಸಿ ಎಣ್ಣೆ ಕಾಲ ಮೇಲೆ.

ಆಮೇಲೆ ದೀಪ ಬಂತು. ಅಮೆರಿಕದ ಹಡ್ಸನ್ ಕಾರುಗಳು 1930ರ ದಶಕದಲ್ಲೇ ಗೇಜಿನ ಬದಲು ಎಚ್ಚರಿಕೆ ದೀಪ ಹಾಕಿದ್ವು. ಅಗ್ಗ, ಸುಲಭ, ಮುಳ್ಳು ಓದೋಕೆ ಬರಬೇಕು ಅಂತಿಲ್ಲ. ಕಾರಿನ ಹುಚ್ಚಿರೋರು ಇದಕ್ಕೆ "ದಡ್ಡರ ದೀಪ" ಅನ್ನೋ ಅರ್ಥದ ಹೆಸರಿಟ್ಟು ಬೈದ್ರು. ಬೈಗುಳ ನನಗೆ ಸರಿ ಅನ್ಸಲ್ಲ. ಮುಳ್ಳು ಇಡೀ ಹೊತ್ತು ಮಾತಾಡ್ತಿದ್ರೂ ತಾತನ ಡ್ರೈವರ್ ಕೇಳಲಿಲ್ವಲ್ಲ. ದೀಪ ಕಣ್ಣಿಗಾದ್ರೂ ಹೊಡೆಯುತ್ತೆ.

ಆದ್ರೆ ದೀಪಕ್ಕೆ ಗೊತ್ತಿರೋದು ಎಷ್ಟು? ಸ್ವಿಚ್ಚಿನ ಒಳಗೆ ಒಂದು ತೆಳು ಪೊರೆ, ಒಂದು ಸ್ಪ್ರಿಂಗು. ಎಣ್ಣೆ ಒತ್ತಿದ್ರೆ ಪೊರೆ ಸರಿದು ಕರೆಂಟು ಕಡಿಯುತ್ತೆ, ದೀಪ ಆರುತ್ತೆ. ಇದಕ್ಕೆ ಚದರ ಇಂಚಿಗೆ 5 ಪೌಂಡ್ ಆಸುಪಾಸಿನ ಒತ್ತಡ ಸಾಕು. ಹೆರಾಲ್ಡ್ ತರದ ಎಂಜಿನ್ ಬಿಸಿಯಾಗಿ ಓಡೋವಾಗ ಇರಬೇಕಾದ್ದು 40ರಿಂದ 60. ಅಂದ್ರೆ ಒತ್ತಡ 10ಕ್ಕೆ ಇಳಿದು ಎಂಜಿನ್ ಸಾಯ್ತಾ ಇದ್ರೂ ದೀಪ ಆರಿಯೇ ಇರುತ್ತೆ.

ಮೂರನೇ ದಾರಿ ವಿದ್ಯುತ್ ಸೆಂಡರ್. ಒತ್ತಡವನ್ನ ಎಂಜಿನ್ ಹತ್ರವೇ ಕರೆಂಟಾಗಿ ಮಾಡಿ, ವೈರಿನಲ್ಲಿ ಗೇಜಿಗೆ ಕಳಿಸೋದು. 1961ರಲ್ಲಿ ಜಿನೀವಾ ಮೋಟಾರ್ ಶೋನಲ್ಲಿ ಜಗತ್ತೇ ಬಾಯಿ ಬಿಟ್ಟು ನೋಡಿದ ಜಾಗ್ವಾರ್ ಇ-ಟೈಪ್‌ನಲ್ಲಿ ಇದಿತ್ತು. ಕಾಲ ಕಳೆದಂತೆ ಆ ಸೆಂಡರ್‌ಗಳು ಇರೋದಕ್ಕಿಂತ ಕಮ್ಮಿ ತೋರಿಸೋದಕ್ಕೆ ಹೆಸರುವಾಸಿ. ಎಂಜಿನ್ ಗುಂಡುಕಲ್ಲಿನಂಗೆ ಇದ್ದಾಗ್ಲೂ ಮಾಲೀಕನಿಗೆ ನಿದ್ದೆ ಬರಲ್ಲ. ಅಂಥ ಕಾರು ಇಟ್ಕೊಂಡೋರು ಸೆಂಡರ್ ಬದಲಿಸೋ ಮುಂಚೆ ಮಾಡೋ ಪರೀಕ್ಷೆ ಯಾವುದು ಗೊತ್ತಾ? ಸೆಂಡರ್ ಬಿಚ್ಚಿ, ಅದೇ ತೂತಿಗೆ ಹಳೇ ಬೂರ್ಡೋನ್ ಗೇಜು ಕೂರಿಸೋದು.

6/8
📷 ಹೆರಾಲ್ಡ್ ಬಾನೆಟ್ ಪೂರ್ತಿ ಮುಂದಕ್ಕೆ ಬಾಗಿದೆ. ಮಡ್‌ಗಾರ್ಡ್ ಸಮೇತ!

"ಹೆರಾಲ್ಡ್ ಸ್ಪೋರ್ಟ್ಸ್ ಕಾರ್ ಅಲ್ಲ" ಅಂತ ಕಾಮೆಂಟ್‌ನಲ್ಲಿ ಹೊಡೀಬೇಡಿ, ನನಗೂ ಗೊತ್ತು. ಕಥೆ ಕೇಳಿ.

ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಬಂತು. ರೂಪ ಕೊಟ್ಟೋನು ಇಟಲಿಯ ಜೊವಾನಿ ಮಿಕೆಲೋಟಿ. ಅದರ ಚಾಸಿ ಚಿಕ್ಕದು ಮಾಡಿ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನೂ ಅವನೇ ಚಿತ್ರಿಸಿದ. ಕಂಪನಿ ಹತ್ರ ದುಡ್ಡಿರಲಿಲ್ಲ, ಮಾದರಿ ಕಾರು ಮೂಲೆಗೆ ಬಿತ್ತು. 1961ರಲ್ಲಿ ಲೇಲ್ಯಾಂಡ್ ಕಂಪನಿ ಟ್ರಯಂಫನ್ನ ಕೊಂಡ ಮೇಲೆ, ಹೊಸ ಯಜಮಾನರು ಕಾರ್ಖಾನೆ ಸುತ್ತೋವಾಗ ಬಟ್ಟೆ ಮುಚ್ಚಿದ್ದ ಆ ಕಾರು ಕಣ್ಣಿಗೆ ಬಿತ್ತು. ಅದೇ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಆಗಿ ಹೊರಬಂತು. 1147 ಸಿಸಿ, ಎರಡು ಕಾರ್ಬುರೇಟರ್. ಹೆಸರಾಂತ ಸ್ಪೋರ್ಟ್ಸ್ ಕಾರ್ ಆದ್ರೂ ಅದಕ್ಕೂ ಆಯಿಲ್ ಗೇಜು ಕೊಡಲಿಲ್ಲ, ದೀಪವೇ ಗತಿ.

ಅದೇ 1961ರಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಹೆರಾಲ್ಡ್ ಮಾಡೋಕೆ ಶುರು ಮಾಡಿತು. ಎಂಜಿನ್ ಅದೇ ವಂಶದ್ದು, 948 ಸಿಸಿ. ಸ್ವಾತಂತ್ರ್ಯದ ನಂತರ ಹೊರಗಿನ ಕಾರು ತರಿಸೋದನ್ನ ಸರ್ಕಾರ ಬಿಗಿ ಮಾಡಿತ್ತು. 1928ರಿಂದ ಬಾಂಬೆಯಲ್ಲಿ ಕಾರು ಜೋಡಿಸ್ತಿದ್ದ ಜನರಲ್ ಮೋಟರ್ಸ್ 1954ರಲ್ಲಿ ಬಾಗಿಲು ಹಾಕ್ಕೊಂಡು ಹೋಯ್ತು. ಉಳಿದಿದ್ದು ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಸ್ಪಿಟ್‌ಫೈರ್ ಇಲ್ಲಿ ತಯಾರಾಗಲೇ ಇಲ್ಲ. ಹಂಗಾಗಿ ಶೇಂಗಾ ದುಡ್ಡು ಚೆನ್ನಾಗಿ ಓಡಾಡ್ತಿದ್ದ ಊರಲ್ಲಿ ಒಬ್ಬ ಸಾಹುಕಾರ್ರು ಸ್ಟೈಲಾಗಿ ಕಾಣ್ಬೇಕು ಅಂದ್ರೆ ಮಿಕೆಲೋಟಿ ಕೈ ಮುಟ್ಟಿದ ಹೆರಾಲ್ಡೇ ಸಿಗ್ತಿದ್ದಿದ್ದು.

ಹೆರಾಲ್ಡ್ ನಿಂತು, ಗೆಜೆಲ್ ಬಂದು (1972), ಅದೂ ನಿಂತು, ಬಿಡಿಭಾಗ ಸಿಗದ ಕಾಲ ಬಂತು. 1994ರಲ್ಲಿ ತಾಳೆ ಎಣ್ಣೆ ಆಮದಿಗೆ ಬಾಗಿಲು ತೆರೆದ ಮೇಲೆ ಚಳ್ಳಕೆರೆಯ ಮಿಲ್ಲುಗಳೂ ಒಂದೊಂದಾಗಿ ಮುಚ್ಚಿದವು. ಈ ಕಾರಿನ ಶೆಡ್ಡಿನ ಬಾಗಿಲಿಗೂ ಹಂಗೇ ಬೀಗ ಬಿತ್ತು.

7/8
📷 ಮಾವನ ಥ್ರೆಡ್ ಗೇಜು. ಬಾಚಣಿಗೆ ತರ ಕಾಣುತ್ತೆ.

ಈಗ ಕೆಲಸದ ಮಾತು. ಡಿಪ್ಲೊಮಾ ದೋಸ್ತರು ಗಮನ ಕೊಟ್ಟು ಓದಿ, ವೈವಾದಲ್ಲಿ ಕೇಳಿದ್ರೂ ಕೇಳಬಹುದು.

ಮೊದಲು ಡಿಪ್‌ಸ್ಟಿಕ್. ಎಣ್ಣೆ ಸರಿಯಾಗಿತ್ತು. ಆಮೇಲೆ ಸ್ವಿಚ್ಚಿನ ವೈರ್ ಕಿತ್ತು ಕೀಲಿ ಆನ್ ಮಾಡಿದ್ರು, ದೀಪ ಆರಿತು. ನಾನು "ಹಂಗಾದ್ರೆ ಸ್ವಿಚ್ಚೇ ಮಾವ!" ಅಂತ ಕೂಗ್ದೆ. ತಲೆ ಮೇಲೆ ಒಂದು ಬಿತ್ತು. ವೈರ್ ಕಿತ್ತರೆ ದೀಪ ಯಾವಾಗ್ಲೂ ಆರುತ್ತೆ. ವೈರ್ ಬಾಡಿಗೆ ತಾಗಿ ಶಾರ್ಟ್ ಆಗಿಲ್ಲ ಅಂತ ಮಾತ್ರ ಇದರಿಂದ ಗೊತ್ತಾಗೋದು, ಎಂಜಿನ್ ಬಗ್ಗೆ ಏನೂ ಇಲ್ಲ. ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿ, ವೈರ್ ಹೊರಗೇ ಬಿಟ್ಟು ಓಡಿಸ್ತಾರೆ.

ಆಮೇಲೆ ಸ್ವಿಚ್ ಬಿಚ್ಚಿ, ಪ್ಲಗ್ಗು ತೆಗೆದು, ಕಾಯಿಲ್ ವೈರ್ ಕಳಚಿ, ಸ್ಟಾರ್ಟರ್ ಒಂದೆರಡು ಸಲ ತಿರುಗಿಸಿದ್ರು. ತೂತಿನಿಂದ ಎಣ್ಣೆ ಉಕ್ಕಿ ಬಂತು. ಪಂಪು ಬದುಕಿದೆ. ಆ ತೂತಿಗೆ ತಾತನ ಗೇಜು ಕೂರಿಸಿ ಎಂಜಿನ್ ಸ್ಟಾರ್ಟ್ ಮಾಡಿದಾಗ ಮುಳ್ಳು 60ಕ್ಕೆ ಹೋಗಿ ನಿಂತಿತು. ಎಲ್ಲರೂ ಚಪ್ಪಾಳೆ. ಸ್ವಿಚ್ಚೇ ಕೆಟ್ಟಿದ್ದು, ಸಂಶಯ ಇಲ್ಲ.

ಹೊಸ ಸ್ವಿಚ್ ಸಾಹುಕಾರ್ರ ಅಣ್ಣನ ಮಗ ಬೆಂಗಳೂರಿನ ಜೆ.ಸಿ. ರೋಡಿನಿಂದ ತಂದಿದ್ದ. ನೋಡೋಕೆ ಥೇಟ್ ಹಂಗೇ ಇತ್ತು. ಮಾವ ಅದರ ಮೇಲೆ ಈ ಬಾಚಣಿಗೆ ಇಟ್ಟು ನೋಡಿ ವಾಪಸ್ ಕೊಟ್ಟರು. ಯಾಕೆ ಅಂದ್ರೆ, ಎಂಟನೇ ಒಂದು ಇಂಚಿನ ಬ್ರಿಟಿಷ್ ಪೈಪ್ ಥ್ರೆಡ್ಡಿನಲ್ಲಿ ಇಂಚಿಗೆ 28 ಸುತ್ತು. ಅದೇ ಅಳತೆಯ ಅಮೆರಿಕನ್ ಥ್ರೆಡ್ಡಿನಲ್ಲಿ 27. ಮೆಟ್ರಿಕ್ 10 ಮಿಲಿಮೀಟರಿಂದು ಸುಮಾರು 25 ಸುತ್ತು. ಮೂರೂ ಮೊದಲ ಒಂದೆರಡು ಸುತ್ತು ಸಲೀಸಾಗಿ ಹತ್ತುತ್ತವೆ. ಆಮೇಲೆ ಬಿಗಿಯಾದ್ರೆ "ಹೊಸದಲ್ವಾ, ಬಿಗಿ ಇರುತ್ತೆ" ಅಂತ ಪಾನಾ ಹಾಕಿ ಒತ್ತಿದ್ರೋ, ಬ್ಲಾಕಿನ ಥ್ರೆಡ್ಡೇ ಹಾಳು. ಸಣ್ಣ ಸ್ವಿಚ್ಚಿಗಾಗಿ, ಎಲ್ಲೂ ಸಿಗದ ಎಂಜಿನ್ ಬ್ಲಾಕಿಗೆ ಗಾಯ.

ನಾಲ್ಕು ದಿನ ಬಿಟ್ಟು ಸರಿಯಾದದ್ದು ಬಂತು. ಅದನ್ನ ಕೈಯಲ್ಲೇ ಕೊನೆವರೆಗೂ ತಿರುಗಿಸಿ, ಪಾನಾದಲ್ಲಿ ಒಂದು ಸಣ್ಣ ಬಿಗಿ. ಟೆಫ್ಲಾನ್ ಟೇಪನ್ನ ಪೇಟದಂಗೆ ಸುತ್ತಬಾರದು, ಈ ಸ್ವಿಚ್ಚಿಗೆ ಅರ್ಥ್ ಸಿಗೋದೇ ಅದರ ಮೈಯಿಂದ. ಕೀಲಿ ತಿರುಗಿಸಿದ್ವಿ, ದೀಪ ಉರೀತು. ಸ್ಟಾರ್ಟ್ ಮಾಡಿದ್ವಿ, ಎರಡೇ ಸೆಕೆಂಡಿನಲ್ಲಿ ಆರಿತು.

8/8
📷 ಮೂರು ಫೋಟೊ ಇದೆ, ಎಲ್ಲಾ ನೋಡಿ.

ಇಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ಸಾಹುಕಾರ್ರೂ ಜೇಬಿಗೆ ಕೈ ಹಾಕಿದ್ರು. ಮಾವ ಮಾತ್ರ ಅದೇ ತೂತಿಗೆ ಟಿ ಜೋಡಿಸಿ, ಒಂದು ಕಡೆ ಹೊಸ ಸ್ವಿಚ್ಚು, ಇನ್ನೊಂದು ಕಡೆ ತಾತನ ಗೇಜು ಇಟ್ಟು, ವೇದಾವತಿ ಕಡೆ ಒಂದು ರೌಂಡ್ ಹೋಗಿ ಬಂದ್ರು. ತಣ್ಣಗಿದ್ದಾಗ ಎಣ್ಣೆ ಗಟ್ಟಿ, ಮುಳ್ಳು ಯಾವ ಎಂಜಿನ್ನಿಗೂ ಮೇಲೇ ಹೋಗುತ್ತೆ, ನಿಜ ಗೊತ್ತಾಗೋದು ಬಿಸಿಯಾದ ಮೇಲೆ ಅಂತ ಅವರ ಲೆಕ್ಕ.

ಬಿಸಿ ಎಂಜಿನ್, ಸ್ಲೋ ರನ್ನಿಂಗ್: 8. ರೇಸ್ ಕೊಟ್ಟಾಗ: 25. ದೀಪ? ಆರಿಯೇ ಇತ್ತು.

"ಸ್ವಿಚ್ಚೂ ಕೆಟ್ಟಿತ್ತು, ಬೇರಿಂಗೂ ಸವೆದೈತೆ. ಎರಡೂ ನಿಜ" ಅಂದ್ರು ಮಾವ.

ಸಾಹುಕಾರ್ರಿಗೆ ಸಿಟ್ಟು ಬಂತು. "ಏನಪ್ಪಾ ಮೇಸ್ತ್ರಿ, ದೀಪ ಆರೈತಲ್ಲ? ದಪ್ಪ ಆಯಿಲ್ ಹಾಕು, ಮುಳ್ಳು ಮೇಲೆ ಬರ್ತೈತೆ."

"ಮುಳ್ಳು ಬರ್ತೈತೆ ಸಾಹುಕಾರ್ರೆ. ಬೇರಿಂಗ್ ಬರಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎಂಜಿನ್ ಬಿಚ್ಚಿದ್ರೆ ಮದುವೆ ಹೊತ್ತಿಗೆ ಜೋಡಿಸೋಕೆ ಆಗಲ್ಲ, ಬೇರಿಂಗ್ ಹುಡುಕೋಕೇ ತಿಂಗಳು ಬೇಕು. ಕೊನೆಗೆ ಒಪ್ಪಂದ ಆಯ್ತು. ಚಳ್ಳಕೆರೆಗೆ ಕಾರು ಓಡಿಸ್ಕೊಂಡು ಹೋಗಂಗಿಲ್ಲ, ಲಾರಿ ಮೇಲೆ ಹೋಗ್ಬೇಕು. ಮೆರವಣಿಗೆಯಲ್ಲಿ ಮಾತ್ರ, ದೇವಸ್ಥಾನದಿಂದ ಛತ್ರದವರೆಗೆ, ನಡೆಯೋ ವೇಗದಲ್ಲಿ. ಪಕ್ಕದ ಸೀಟಿನಲ್ಲಿ ಮಾವ.

ಮೊದಲ ಫೋಟೊ: ಹೂವಿನ ಹಾರ ಹಾಕಿದ ಹೆರಾಲ್ಡ್. ಎರಡನೇದು: ಡ್ಯಾಶ್‌ಬೋರ್ಡ್ ಕೆಳಗೆ ತಾಮ್ರದ ಪೈಪು, ಅದರ ತುದಿಯಲ್ಲಿ ಬಿರುಕು ಗಾಜಿನ ಗೇಜು. ಮದುಮಗಳು "ಇದೇನು ಅಂಕಲ್?" ಅಂತ ಕೇಳಿದ್ದಕ್ಕೆ ಮಾವ "ನಮ್ಮಪ್ಪಂದಮ್ಮ" ಅಂದ್ರಂತೆ. ಮೂರನೇದು ಛತ್ರದ ಮುಂದೆ ಎಂಜಿನ್ ಆಫ್ ಮಾಡೋ ಮುಂಚೆ ತೆಗೆದದ್ದು. ಮುಳ್ಳು 7ರ ಮೇಲಿದೆ.

ಕಾರು ಈಗ ವಾಪಸ್ ನಮ್ಮ ಗ್ಯಾರೇಜಿನಲ್ಲಿದೆ. ಸಂಪ್ ಬಿಚ್ಚಿದ ಮೇಲೆ ಬೇರಿಂಗ್ ಫೋಟೊ ಹಾಕ್ತೀನಿ. ಹೆರಾಲ್ಡ್ ಅಥವಾ ಗೆಜೆಲ್ ಬೇರಿಂಗ್ ಸೆಟ್ ಯಾರ ಮನೆ ಅಟ್ಟದ ಮೇಲಾದ್ರೂ ಇದ್ರೆ ಡಿಎಂ ಮಾಡಿ, ಪ್ಲೀಸ್.

#ಪರಶುರಾಂಪುರ #ಚಳ್ಳಕೆರೆ #ಹಳೇಮಷೀನ್‌ಕಥೆಗಳು #ಸ್ಟ್ಯಾಂಡರ್ಡ್‌ಹೆರಾಲ್ಡ್